ಕಣಿವೆಯ ಊರಿಗೆ ಒಂದು ಹಲಗೆ ಹಾಕಿ ನೋಡಿ

ಮಾನ್ಯ ಸಂಪಾದಕರೇ,

ನಾನು ಖಾನಾಪುರ ತಾಲ್ಲೂಕಿನಲ್ಲಿ 18 ವರ್ಷಗಳಿಂದ ಡಿಶ್ ಕೂರಿಸುತ್ತಿದ್ದೇನೆ. ಉಪಗ್ರಹದ ಸಿಗ್ನಲನ್ನು ಕಣಿವೆಯ ಮನೆಗಳ ಕಡೆ ತಿರುಗಿಸುವ ಹಲಗೆಯೊಂದನ್ನು ನಮ್ಮಲ್ಲಿ ಹಾಕಿ ನೋಡಲಿ ಎಂದು ಈ ಪತ್ರ. ಡಿಡಿ ಫ್ರೀ ಡಿಶ್ ಬರಬೇಕೆಂದರೆ ನಮ್ಮಲ್ಲಿ ತಟ್ಟೆಯ ಮುಖ ಆಗ್ನೇಯಕ್ಕಿರಬೇಕು. ಕಳೆದ ವರ್ಷ ಕಣಕುಂಬಿ ಕಡೆ ಒಂದು ಮನೆಯಲ್ಲಿ ಸರಿಯಾಗಿ ಅದೇ ಮೂಲೆಗೆ ಹಲಸಿನ ಮರ. ಸಿಗ್ನಲ್ ಮೀಟರ್ ಮೇಲೇಳಲೇ ಇಲ್ಲ. ಮರ ಕಡಿಯೋಣ ಎಂದರು. ಬೇಡವೆಂದು ದನದ ಕೊಟ್ಟಿಗೆಯ ಆಚೆ ಕಂಬ ನೆಟ್ಟು, ಅಲ್ಲಿಂದ ಕೇಬಲ್ ಎಳೆದೆ.

ಟಿವಿಗೆ ಹೀಗೆ ಏನಾದರೂ ಮಾಡಬಹುದು. ಫೋನಿಗೆ? ಅದೇ ಊರಲ್ಲಿ ಮಳೆಗಾಲದ ರಾತ್ರಿ ಅಜ್ಜಿಯೊಬ್ಬರಿಗೆ ಎದೆನೋವು ಬಂತು. 108ಕ್ಕೆ ಕರೆ ಮಾಡಲು ಮಗ ಟಾರ್ಚ್ ಹಿಡಿದು ದಿಬ್ಬ ಹತ್ತಬೇಕಾಯಿತು.

ಇನ್ನು ಮುಂದೆ ಉಪಗ್ರಹದಿಂದಲೇ ಇಂಟರ್ನೆಟ್ ಎನ್ನುತ್ತಾರೆ. ಆದರೆ ಟಿವಿ ಉಪಗ್ರಹ ಸುಮಾರು 36 ಸಾವಿರ ಕಿ.ಮೀ. ಮೇಲೆ ಒಂದೇ ಕಡೆ ನಿಂತಂತಿರುತ್ತದೆ. ಸ್ಟಾರ್‌ಲಿಂಕ್‌ನಂಥ ಇಂಟರ್ನೆಟ್ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಓಡುತ್ತಾ, ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತವೆ. ಕಣಿವೆಯಲ್ಲಿ ನಿಂತವರಿಗೆ ಈ ಗುಡ್ಡದ ಹಿಂದಿನಿಂದ ಬಂದು ಆ ಗುಡ್ಡದ ಹಿಂದೆ ಹೋಗಿಬಿಡುತ್ತವೆ.

ಎಲೆಕ್ಟ್ರಾನಿಕ್ಸ್ ಓದುವ ನನ್ನ ಮಗಳು ಇದಕ್ಕೊಂದು ದಾರಿ ಹೇಳಿದಳು. "ಅಪ್ಪಾ, ಬಾವಿ ತೋಡುವಾಗ ಮೇಲಿಂದ ಕನ್ನಡಿ ಹಿಡಿದು ಬಿಸಿಲು ಒಳಗೆ ಬಿಡ್ತಾರಲ್ಲ, ಹಾಗೇ ಇದು" ಎಂದಳು. ದಿಬ್ಬದ ಮೇಲೆ ಒಂದು ಹಲಗೆ, ಅದರ ಮೇಲೆ ನೂರಾರು ಸಣ್ಣ ಲೋಹದ ಚೂರುಗಳು. ಪ್ರತಿ ಚೂರೂ ತನ್ನ ಮೇಲೆ ಬಿದ್ದ ಅಲೆಯನ್ನು ಕಂಪ್ಯೂಟರ್ ಹೇಳಿದಷ್ಟೇ ತಡೆದು ವಾಪಸ್ ಕಳಿಸುತ್ತದೆ. ಎಲ್ಲ ಅಲೆಗಳೂ ನಮಗೆ ಬೇಕಾದ ಜಾಗದಲ್ಲಿ ಹೆಜ್ಜೆ ಕೂಡಿಸಿ ಸೇರುತ್ತವೆ. ಉಪಗ್ರಹ ಸರಿದ ಹಾಗೆ ಲೆಕ್ಕ ಬದಲಾಗುತ್ತದೆ, ಹಲಗೆ ಕದಲುವುದಿಲ್ಲ. ಡಿಶ್ ತಿರುಗಿಸಿ ತಿರುಗಿಸಿ ಕೈ ನೋಯಿಸಿಕೊಂಡ ನನಗೆ ಈ ಮಾತು ಬಹಳ ಹಿಡಿಸಿತು. ಅದು ತಾನಾಗಿ ಸಿಗ್ನಲ್ ಹುಟ್ಟಿಸುವುದಿಲ್ಲ, ಹಾಗಾಗಿ ಕರೆಂಟ್ ಜಾಸ್ತಿ ಬೇಡ.

ಜೋರು ಮಳೆ ಹಿಡಿದರೆ ಡಿಶ್ ಸಿಗ್ನಲ್ ಹೋಗುವುದನ್ನು ಪ್ರತಿ ಜುಲೈನಲ್ಲೂ ನೋಡುತ್ತೇನೆ. ಆ ಮಳೆಯ ಮುಂದೆ ಈ ಹಲಗೆಯೂ ಸೋಲಬಹುದು. ಅದಕ್ಕೇ ಪರೀಕ್ಷೆ ಇಲ್ಲೇ ನಡೆಯಬೇಕು, ಬೆಂಗಳೂರಿನ ಲ್ಯಾಬ್‌ನಲ್ಲಿ ಅಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ನಮ್ಮ ಬೆಳಗಾವಿಯಲ್ಲೇ ಇದೆ ಅಲ್ವಾ? ಭೀಮಗಡ ಅಭಯಾರಣ್ಯದ ಊರುಗಳಿಗೆ ಟವರ್ ಎಂದರೆ ರಸ್ತೆ, ವಿದ್ಯುತ್ ಲೈನು, ಮರ ಕಡಿತ. ಹಲಗೆಗೆ ಒಂದು ಕಂಬ, ಒಂದು ಸೋಲಾರ್ ಪ್ಯಾನೆಲ್. ಒಂದೇ ಊರು, ಒಂದೇ ಮಳೆಗಾಲ ಹಾಕಿ ನೋಡಲಿ ಎಂದು ಅಲ್ಲಿನ ಪ್ರಾಧ್ಯಾಪಕರನ್ನು ಕೇಳಿಕೊಳ್ಳುತ್ತೇನೆ.

ಯಾವ ದಿಬ್ಬದಿಂದ ಆಕಾಶವೂ ಕಾಣುತ್ತದೆ, ಕೆಳಗಿನ ಮನೆಗಳೂ ಕಾಣುತ್ತವೆ ಎಂದು ನನಗೆ ಗೊತ್ತು. ಬಂದರೆ ತೋರಿಸುತ್ತೇನೆ. ಕಂಬ ನೆಡುವುದಕ್ಕೆ ಕೂಲಿ ಬೇಡ.

— ಒಬ್ಬ ಡಿಶ್ ಮೆಕ್ಯಾನಿಕ್, ಖಾನಾಪುರ, ಬೆಳಗಾವಿ ಜಿಲ್ಲೆ