ಜಂಟಿ ಆಲ್ಬಮ್ ಕೆಡುವುದು ಆಟೋಟ್ಯೂನ್‌ನಿಂದಲ್ಲ

ಮಾನ್ಯ ಸಂಪಾದಕರೇ,

ಟ್ರ್ಯಾಪ್ ಎಂಬ ಹಿಪ್‌ಹಾಪ್ ಶೈಲಿಯ ಇಬ್ಬರು ರ‍್ಯಾಪರ್‌ಗಳು ಸೇರಿ ಆಲ್ಬಮ್ ತಂದಾಗಲೆಲ್ಲ ವಿಮರ್ಶಕರದು ಒಂದೇ ದೂರು: ಎಲ್ಲ ಹಾಡೂ ಒಂದೇ ಥರ, ಆಟೋಟ್ಯೂನ್ (ದನಿಯ ಶ್ರುತಿ ತಿದ್ದುವ ತಂತ್ರಾಂಶ) ಹೆಚ್ಚಾಯಿತು. ನಿಮ್ಮ ಸಂಗೀತ ಪುಟದಲ್ಲೂ ಅದೇ ಮಾತು ಬಂದಿದೆ. ಹಾಗೆ ಕೇಳಿಸುವುದು ನಿಜ, ಕಾರಣ ಮಾತ್ರ ಬೇರೆ. ಆಟೋಟ್ಯೂನ್‌ನ ತಿದ್ದುವ ವೇಗವನ್ನು ಸೊನ್ನೆಗೆ ಇಟ್ಟು, ಅಂದರೆ ತಡವಿಲ್ಲದೆ ತಿದ್ದಿಸಿ, ದನಿಯನ್ನು ಯಂತ್ರದಂತಾಗಿಸುವುದು ಈ ಶೈಲಿಯವರು ಬೇಕೆಂತಲೇ ಹಚ್ಚುವ ಬಣ್ಣ.

ಟ್ರ್ಯಾಪ್ ಬೀಟಿನ (ಹಾಡಿನ ಹಿನ್ನೆಲೆ ಸಂಗೀತದ) ವೇಗ ಸಾಮಾನ್ಯವಾಗಿ ನಿಮಿಷಕ್ಕೆ 130ರಿಂದ 150 ಬಡಿತ. ಸ್ನೇರ್ ಡ್ರಮ್ಮಿನ ಪೆಟ್ಟು ಪ್ರತಿ ನಾಲ್ಕು ಬಡಿತಗಳಲ್ಲಿ ಮೂರನೆಯದಕ್ಕೆ ಮಾತ್ರ ಬೀಳುವುದರಿಂದ ಕಿವಿಗೆ ಅದರ ಅರ್ಧ ವೇಗ ಅನಿಸುತ್ತದೆ. ಸಾಲು ಸಾಲಿನ ನಡುವೆ ಉಳಿಯುವ ಜಾಗವನ್ನು ಒಬ್ಬನೇ ಹಾಡುವವನು ಬಿಡಿ ಉದ್ಗಾರಗಳಾದ ಆಡ್‌ಲಿಬ್‌ಗಳಿಂದ ತುಂಬುತ್ತಾನೆ. ಇಬ್ಬರಾದರೆ ಒಬ್ಬನ ಆಡ್‌ಲಿಬ್ ಹೋಗಿ ಇನ್ನೊಬ್ಬನ ಪ್ರಾಸದ ಮೇಲೆ ಕೂರುತ್ತದೆ. ಆಡ್‌ಲಿಬ್‌ಗಳನ್ನು ಎಡಬಲಕ್ಕೆ ಸರಿಸಿ, 300 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಮುಖ್ಯ ಧ್ವನಿಗಿಂತ 6 ಡೆಸಿಬಲ್‌ನಷ್ಟು ತಗ್ಗಿಸಿದರೆ ಅರ್ಧ ಗಲಾಟೆ ಮುಗಿಯುತ್ತದೆ.

ಉಳಿದರ್ಧ 808 ಬೇಸ್‌ನದು. 808 ಎಂಬ ಡ್ರಮ್ ಯಂತ್ರದಿಂದ ಬಂದ ಈ ಆಳದ ನಾದದ ಮೂಲ ಸ್ವರ 40–60 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಮೊಬೈಲ್ ಸ್ಪೀಕರ್‌ಗೆ ಅದು ಎಟುಕದು. ಫೋನಿನಲ್ಲೂ ಕೇಳಲಿ ಎಂದು ಅದಕ್ಕೆ ಡಿಸ್ಟಾರ್ಶನ್ ಕೊಡುತ್ತಾರೆ, ಅಂದರೆ ನಾದವನ್ನು ಬೇಕೆಂತಲೇ ಒಡೆಸುತ್ತಾರೆ. ಆಗ ಹುಟ್ಟುವ ಮೇಲಿನ ಸ್ವರಗಳು 100–300 ಹರ್ಟ್ಸ್‌ನಲ್ಲಿ ಗಂಡಸಿನ ದಪ್ಪ ದನಿಗೆ ನೇರವಾಗಿ ಡಿಕ್ಕಿ ಹೊಡೆಯುತ್ತವೆ. ಇಬ್ಬರ ದನಿಯೂ ದಪ್ಪಗಿದ್ದರೆ ಮಾತೆಲ್ಲ ರಾಡಿ. ಈ ವಿಷಯದಲ್ಲಿ ಅಮೆರಿಕದ ರ‍್ಯಾಪರ್‌ಗಳಾದ ಫ್ಯೂಚರ್ ಮತ್ತು ಯಂಗ್ ಥಗ್‌ರ 2017ರ ಜಂಟಿ ಆಲ್ಬಮ್ ‘ಸೂಪರ್ ಸ್ಲೈಮಿ’ಗೆ ಅದೃಷ್ಟವಿತ್ತು: ಫ್ಯೂಚರ್‌ನದು ಒಡಕು ದನಿ, ಯಂಗ್ ಥಗ್‌ನದು ಮೇಲಕ್ಕೆ ಜಾರುವ ಕೀರಲು. ಯಾರ ಸಾಲು ಯಾವುದು ಎಂದು ಹುಡುಕಬೇಕಿಲ್ಲ.

ಬೇರೆ ಬೇರೆ ಊರಲ್ಲಿ ಕುಳಿತು ಹಾಡಿ ಕಳಿಸುವಾಗ ಇನ್ನೊಂದು ಬಗೆಯ ಕೆಡುಕು. ಬೀಟು ಎಫ್ ಮೈನರ್‌ನಲ್ಲಿದೆ ಅನ್ನಿ. ಒಬ್ಬ ಎಂಜಿನಿಯರ್ ಆಟೋಟ್ಯೂನ್‌ಗೆ ಅದೇ ಸ್ಕೇಲ್ (ಸ್ವರಶ್ರೇಣಿ) ಕೊಟ್ಟು, ಇನ್ನೊಬ್ಬ ಹನ್ನೆರಡೂ ಸ್ವರಗಳಿರುವ ಕ್ರೋಮ್ಯಾಟಿಕ್‌ನಲ್ಲೇ ಬಿಟ್ಟರೆ ಮತ್ತೆ ಮತ್ತೆ ಬರುವ ಪಲ್ಲವಿಯಾದ ಹುಕ್‌ನಲ್ಲಿ ಇಬ್ಬರ ಸ್ವರ ಒಂದಕ್ಕೊಂದು ಉಜ್ಜುತ್ತದೆ. ಎಂಪಿ3 ಕಳಿಸಿದರೆ ಕಡತದ ಆರಂಭದಲ್ಲಿ ಕೆಲವು ಮಿಲಿಸೆಕೆಂಡು ಮೌನ ಸೇರಿಕೊಂಡು ಧ್ವನಿ ತಾಳದ ಹಿಂದೆ ಬೀಳುತ್ತದೆ. ಸೆಕೆಂಡಿಗೆ 44.1 ಸಾವಿರ ಸಲ ಧ್ವನಿ ಅಳೆದ, ಅಂದರೆ 44.1 ಕಿಲೋಹರ್ಟ್ಸ್‌ನ ಕಡತವನ್ನು ಪರಿವರ್ತಿಸದೆ 48ರಲ್ಲಿ ಓಡಿಸಿದರಂತೂ ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ (ಅರ್ಧ ಸ್ವರ) ಏರುತ್ತದೆ. ಹಾಡಿನ ಮೊದಲ ತಾಳಾವರ್ತದಿಂದಲೇ ಶುರುವಾಗುವ, ಸಂಕುಚಿತಗೊಳಿಸದ 24 ಬಿಟ್ ವೇವ್ ಕಡತ, ಯಾವ ಎಫೆಕ್ಟೂ ಇಲ್ಲದ ಪ್ರತಿ ಇನ್ನೊಂದು, ವೇಗ ಮತ್ತು ಸ್ಕೇಲ್ ಬರೆದ ಚೀಟಿ: ಇಷ್ಟನ್ನು ಕೇಳಿ ಪಡೆಯದೆ, ಧ್ವನಿಗಳನ್ನು ಬೆರೆಸಿ ಹದಗೊಳಿಸುವ ಮಿಕ್ಸಿಂಗ್‌ಗೆ ಕೂರಬಾರದು.

ಇನ್ನು ‘ಒಂದೇ ಥರ’ ಎಂಬ ಮಾತು. ಕೆನಡಾದ ರ‍್ಯಾಪರ್ ಡ್ರೇಕ್ ಮತ್ತು ಫ್ಯೂಚರ್ ಸೇರಿ 2015ರಲ್ಲಿ ತಂದ ಆಲ್ಬಮ್ ‘ವಾಟ್ ಎ ಟೈಮ್ ಟು ಬಿ ಅಲೈವ್’ ಅಟ್ಲಾಂಟಾದಲ್ಲಿ ಆರೇ ದಿನದಲ್ಲಿ ಆದದ್ದು ಎಂದು ಡ್ರೇಕ್‌ನೇ ಹೇಳಿದ್ದ. ಅದರ 11 ಹಾಡುಗಳಲ್ಲಿ ಕೊನೆಯ ಎರಡು ಜಂಟಿ ಹಾಡುಗಳೇ ಅಲ್ಲ, ಒಬ್ಬೊಬ್ಬರದು. ಆದರೂ ಅದು ಬಿಡಿಬಿಡಿಯಾಗಿ ಕೇಳಿಸದಿರುವುದಕ್ಕೆ ಬಹುಪಾಲು ಬೀಟುಗಳಲ್ಲಿ ಬೀಟ್ ಕಟ್ಟುವ ಮೆಟ್ರೊ ಬೂಮಿನ್‌ನ ಕೈ ಇರುವುದೇ ಕಾರಣ ಎಂಬುದು ನಮ್ಮ ಅಭಿಪ್ರಾಯ. ವಿಮರ್ಶಕರು ಏಕತಾನತೆ ಎಂದು ಬೈಯುವುದೂ ಹಲವು ಸಲ ಇದನ್ನೇ.

ಆದ್ದರಿಂದ ಮುಂದಿನ ವಿಮರ್ಶೆಗಳಲ್ಲಿ ರ‍್ಯಾಪರ್‌ಗಳ ಹೆಸರಿನ ಜತೆಗೆ ಬೀಟ್ ಕಟ್ಟಿದವರ, ಮಿಕ್ಸಿಂಗ್ ಮಾಡಿದವರ ಹೆಸರನ್ನೂ ದಯವಿಟ್ಟು ಅಚ್ಚು ಹಾಕಿ.

– ಧ್ವನಿಮುದ್ರಣ ವೃತ್ತಿಯ ಇಬ್ಬರು ಓದುಗರು