ಕೆಳಗೆ ಚಳಿ, ಮೇಲೆ ಕುದಿ

ಮಾನ್ಯ ಸಂಪಾದಕರೇ,

ಸೆಂಟ್ರಲ್ ಎ.ಸಿ. ಇದ್ದರೂ ಮೇಲಿನ ಮಹಡಿ ತಣಿಯದಿದ್ದರೆ ಮೆಕ್ಯಾನಿಕ್ ಬಂದವನೇ ಗ್ಯಾಸ್ ತುಂಬುತ್ತಾನೆ. ಗ್ಯಾಸ್ ಸವೆಯುವ ವಸ್ತುವಲ್ಲ. ಸೋರಿಕೆ ಹುಡುಕದೆ ತುಂಬಿದರೆ ದುಡ್ಡು ದಂಡ.

ವಿಜಯಪುರದ ಧೂಳಿಗೆ ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ತೊಳೆಯಲೇಬೇಕು. ಆಮೇಲೆ ಗಾಳಿ ಒಳಹೋಗುವ, ಹೊರಬರುವ ಜಾಲರಿಗಳಿಗೆ ಥರ್ಮಾಮೀಟರ್ ಹಿಡಿಯಿರಿ. 8ರಿಂದ 11 ಡಿಗ್ರಿ ಸೆಲ್ಸಿಯಸ್ ಅಂತರವಿದ್ದರೆ ಸಾಮಾನ್ಯವಾಗಿ ಯಂತ್ರದ ತಪ್ಪಿಲ್ಲ, ಡಕ್ಟ್, ಅಂದರೆ ಗಾಳಿ ಒಯ್ಯುವ ಕೊಳವೆ, ನೋಡಬೇಕು. ಕೆಳಮಹಡಿಯ ಡ್ಯಾಂಪರ್ (ಡಕ್ಟಿನೊಳಗೆ ಗಾಳಿ ಹತೋಟಿಗಿಡುವ ತಗಡು) ಕಾಲುಭಾಗ ಮುಚ್ಚಿ, ಮೇಲಿನದನ್ನು ಪೂರ್ತಿ ತೆರೆಯಿರಿ. ಅತಿಯಾಗಿ ಮುಚ್ಚಿದರೆ ಗಾಳಿ ಸಾಲದೆ ಯಂತ್ರದೊಳಗೆ ಗಾಳಿ ತಣಿಸುವ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ.

ಮಾಳಿಗೆ ಮೇಲೆ ಹಾಯ್ದ ಡಕ್ಟಿನ ಜೋಡಣೆಗೆ ಕೈ ಹಿಡಿಯಿರಿ. ತಂಪು ಸೂಸಿದರೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಸುತ್ತಿ, ಮೇಲೆ ಶಾಖ ತಡೆಯುವ ಇನ್ಸುಲೇಷನ್ ಹೊದಿಸಿ. ಬಟ್ಟೆ ಟೇಪು ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ಕೋಣೆಯ ಬಾಗಿಲಡಿ ಇಂಚಿನಷ್ಟು ಸಂದಿಯೂ ಇರಲಿ, ಗಾಳಿ ಮರಳಬೇಕಲ್ಲ!

– ಎ.ಸಿ. ದುರಸ್ತಿಗಾರರು, ವಿಜಯಪುರ