ಹೆಸರು ಬೇಡವೆಂದ ಫಿಸಿಯೋ ಅಕ್ಕನಿಗೆ

ಉಡುಪಿಯ ಶಿಬಿರದಲ್ಲಿ ಸೊಂಟದ ಕೀಲಿನ ಪರೀಕ್ಷೆಗಳನ್ನು ಕೈಹಿಡಿದು ತಿದ್ದಿದ ಅಕ್ಕ, ನಮ್ಮೆಲ್ಲರ ಧನ್ಯವಾದ.

ನಮ್ಮಲ್ಲಿ ಬೆನ್ನಿನ ಬುಡ, ತೊಡೆಯ ಪಕ್ಕ ಎಲ್ಲವೂ ‘ಸೊಂಟ’ವೇ. ಹಾಗಾಗಿ ನೋವಿನ ಜಾಗವನ್ನು ಮೊದಲು ಬೆರಳಿಟ್ಟು ತೋರಿಸಲು ಹೇಳಿ ಎಂದಿರಿ. ತೊಡೆಸಂದು ತೋರಿಸಿದರೆ ಮೊದಲ ಅನುಮಾನ ಕೀಲಿನ ಮೇಲೆ.

ಫೇಬರ್ ಪರೀಕ್ಷೆಗೆ ಅಂಗಾತ ಮಲಗಿಸಿ, ಪಾದದ ಗಂಟನ್ನು ಇನ್ನೊಂದು ಮಂಡಿಯ ಮೇಲಿಡುತ್ತೇವೆ. ಮಂಡಿಯನ್ನು ಕೆಳಗೊತ್ತುವ ಮುನ್ನ ಎದುರು ಬದಿಯ ಸೊಂಟದ ಮೂಳೆಯನ್ನು ಅಂಗೈಯಿಂದ ಅದುಮಿ ಹಿಡಿಯಬೇಕು. ಎಲ್ಲರೂ ಬಿಡುವುದು ಇದನ್ನೇ. ಆಗ ಸೊಂಟವೇ ಹೊರಳಿ ಪರೀಕ್ಷೆ ಕೆಡುತ್ತದೆ. ನೋವು ತೊಡೆಸಂದಿನಲ್ಲಾದರೆ ಕೀಲು, ಹಿಂದೆ ಬೆನ್ನಿನ ಬುಡದಲ್ಲಾದರೆ ಸ್ಯಾಕ್ರೋಇಲಿಯಾಕ್ (ಬೆನ್ನೆಲುಬಿನ ಬುಡ ಸೊಂಟದ ಮೂಳೆಗೆ ಸೇರುವ ಕೀಲು) ಕಡೆ ನೋಡಬೇಕು.

ಫಾಡಿರ್ ಪರೀಕ್ಷೆಯಲ್ಲಿ ತೊಡೆಯನ್ನು 90 ಡಿಗ್ರಿ ಮಡಚಿ, ಒಳಗೆ ತಂದು, ಒಳಮುಖವಾಗಿ ತಿರುಗಿಸುವುದು. ನೋವು ಬಂದ ಮಾತ್ರಕ್ಕೆ ಲೇಬ್ರಮ್ (ಕೀಲಿನ ಗುಳಿಯ ಅಂಚಿನ ಮೃದ್ವಸ್ಥಿಯ ಉಂಗುರ) ಹರಿದಿದೆ ಎಂದು ಬರೆಯುವಂತಿಲ್ಲ.

ಟ್ರೆಂಡೆಲೆನ್‌ಬರ್ಗ್ ಪರೀಕ್ಷೆಗೆ ಒಂಟಿಕಾಲಲ್ಲಿ 30 ಸೆಕೆಂಡು ನಿಲ್ಲಿಸುವುದು. ನಿಂತ ಕಾಲಿನ ಗ್ಲುಟಿಯಸ್ ಮೀಡಿಯಸ್ (ಸೊಂಟದ ಪಕ್ಕದ ಸ್ನಾಯು) ಸೋತರೆ ಎತ್ತಿದ ಕಡೆಯ ಸೊಂಟ ಜಗ್ಗುತ್ತದೆ. ಸೀರೆ, ಮುಂಡು ಅದನ್ನು ಮರೆಮಾಡುತ್ತವೆ. ಹಿಂದೆ ನಿಂತು ಎರಡೂ ಮೂಳೆಯಂಚಿಗೆ ಹೆಬ್ಬೆರಳಿಟ್ಟರೆ ಮಾತ್ರ ಗೊತ್ತಾಗುತ್ತದೆ. ಮೈ ಓರೆ ಮಾಡಿ ಸರಿದೂಗಿಸುವವರೂ ಇದ್ದಾರೆ, ಭುಜದ ಮೇಲೂ ಕಣ್ಣಿರಲಿ.

ಜಾರಿ ಬಿದ್ದು ಕಾಲೂರಲಾಗದ ಅಜ್ಜಿಗೆ ಮಾತ್ರ ಇದ್ಯಾವುದೂ ಬೇಡ, ಮೊದಲು ಎಕ್ಸ್‌ರೇ ಎಂದಿರಲ್ಲ, ಅದಕ್ಕೆ ಇನ್ನೊಂದು ಧನ್ಯವಾದ.